ಬೈತಖೋಲದ ಐಸು

ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬಂತು,
ಡಬ್ಬಿಯೊಳಗೆ ಡಬ್ಬಿ, ಅದರೊಳಗೆ
ಕಿರುಬೆರಳ ತುದಿಯಷ್ಟು ಶೀಶೆ,
ತಳದಲ್ಲಿ ಒಂದೆರಡು ಹನಿ.
ಬೆಲೆ ನನ್ನ ಒಂದೂವರೆ ತಿಂಗಳ ಪಗಾರ.
ಚೀಟಿಯಲ್ಲಿ ಬರೆದಿತ್ತು: ಎರಡರಿಂದ ಎಂಟು ಡಿಗ್ರಿ.
ಸಂಶೋಧನೆಗೆ ಮಾತ್ರ.
ತಯಾರಾದದ್ದು ಮೊಲದಲ್ಲಿ.

ಯಾವ ದೇಶದ ಮೊಲವೋ.
ಅದಕ್ಕೆ ಮನುಷ್ಯರ ಕೋಶದ ಒಂದು ಚೂರು ಚುಚ್ಚಿ
ಇದು ಹೊರಗಿನದು, ನೆನಪಿಟ್ಟುಕೋ ಎಂದರು.
ನೆನಪಿಟ್ಟುಕೊಂಡಿತು.
ಮೊಲ ಹೋಯಿತು, ನೆನಪನ್ನು ಮಾತ್ರ ಸೋಸಿ
ಶೀಶೆಗೆ ತುಂಬಿ ಕಳಿಸಿದ್ದಾರೆ.

ಅದು ಹುಡುಕುವ ಪ್ರೋಟೀನಿಗೆ ಇರುವುದೊಂದೇ ಕೆಲಸ.
ನಾನು ಶಾಲೆಗೆ ಹೋಗುತ್ತಿದ್ದಾಗ ಯಾವುದೋ ದೆವ್ವಕ್ಕೆ ಹೆದರಿ
ಮನೆಮನೆಯ ಬಾಗಿಲಿಗೆ ಸುಣ್ಣದಲ್ಲಿ ಬರೆದಿದ್ದರಲ್ಲ,
'ನಾಳೆ ಬಾ' ಅಂತ,
ಅದೇ ಕೆಲಸ.
ಸಾವು ಬಂದು ಓದಿ, ಹಿಂದೆ ಹೋಗುತ್ತದೆ.
ಮರುದಿನವೂ ಓದುತ್ತದೆ.

ಮೇ ಕೊನೆಯ ಭಾನುವಾರ, ಕರೆಂಟು ಹೋಯಿತು.
ಜನರೇಟರಿನ ಜೀವ ಆಪರೇಶನ್ ಕೋಣೆಗೆ ಮಾತ್ರ.
ನಮ್ಮ ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.
ಒಂಬತ್ತು ಡಿಗ್ರಿ, ಹತ್ತು, ಹನ್ನೊಂದು.
ಡಬ್ಬಿಯನ್ನು ಸ್ಕೂಟರಿನ ಕಾಲಡಿಗಿಟ್ಟು
ಬೈತಖೋಲಕ್ಕೆ ಹೊರಟೆ.

ಮೀನುಗಾರಿಕೆ ಬಂದಾಗಲು ಇನ್ನು ಮೂರೇ ದಿನ.
ಅರ್ಧ ದೋಣಿಗಳು ಆಗಲೇ ದಡದಲ್ಲಿ ಬೆನ್ನು ತೋರಿಸಿದ್ದವು.
ಐಸು ಪುಡಿಮಾಡುವ ಮಶೀನಿನ ಬಳಿ ಪುರ್ಸು ಹರಿಕಂತ್ರ.
'ಕಿತೆಂ ಗೊ ಬಾಯ್, ಯಾವ ಮೀನು?'
ಮೀನಲ್ಲ, ಮೊಲ ಅಂದೆ.
ಡಬ್ಬಿ ಬಿಚ್ಚಿ ನೋಡಿ
ಅವನು ನಕ್ಕದ್ದಕ್ಕೆ ಕಾಗೆಗಳು ಎದ್ದವು.

ಆಮೇಲೆ ನಗದೆ, ಎರಡೂ ಕೈಯಿಂದ
ಶೀಶೆಯ ಸುತ್ತ ಐಸು ಒತ್ತತೊಡಗಿದ,
ಮೊಟ್ಟೆಯ ಸುತ್ತ ಮರಳು ಒತ್ತುವ ಕಡಲಾಮೆಯಂತೆ.
ಆಗ ಕಂಡದ್ದು ಎಡಗೈ.
ನಡುಬೆರಳು, ಉಂಗುರದ ಬೆರಳು,
ಎರಡೂ ಸೇರಿ ಒಂದೇ ಚರ್ಮ.

ಹೇಳಬಾರದಿತ್ತೇನೋ. ಹೇಳಿದೆ.
ಹುಟ್ಟುವ ಮೊದಲು ಎಲ್ಲರ ಕೈಯೂ ಹುಟ್ಟೇ, ಪುರ್ಸು,
ದೋಣಿಯ ಹುಟ್ಟಿನ ಹಾಗೆ ಚಪ್ಪಟೆ.
ನಡುವೆ ಇದ್ದ ಕೋಶಗಳು ಹೊತ್ತು ನೋಡಿ,
ಯಾರೂ ಕೊಲ್ಲದೆ, ತಾವೇ ಸಾಯುತ್ತವೆ.
ಅವು ಬಿಟ್ಟುಹೋದ ಜಾಗಕ್ಕೆ ನಾವು
ಬೆರಳಸಂದಿ ಅನ್ನುತ್ತೇವೆ.
ನಿನ್ನಲ್ಲಿ ಒಂದು ಸಂದಿಯವು ಹೋಗಲಿಲ್ಲ.

ಅವನು ಆ ಕೈಯನ್ನು ಬಿಸಿಲಿಗೆ ಹಿಡಿದ.
ಚರ್ಮದ ಆಚೆ ಬಂದರಿನ ಬೆಳಕು ಕೆಂಪಾಗಿ ಬಂತು.
'ಅಂದರೆ ನಿಮಗೆಲ್ಲರಿಗಿಂತ
ನಾನು ಒಂದು ಬೆರಳಸಂದಿಯಷ್ಟು ಕಡಿಮೆ ಸತ್ತಿದ್ದೇನೆ.'
ಇಪ್ಪತ್ತು ರೂಪಾಯಿ ಮಾತ್ರ ಬಿಡಲಿಲ್ಲ.

ಸೋಮವಾರ ಕರೆಂಟು ಬಂತು. ಹಳೆಯ ಮೇಣದ ಅಚ್ಚುಗಳು,
ಕೂದಲಿಗಿಂತ ತೆಳ್ಳಗೆ ಸೀಳಿದ ನಲವತ್ತು ಗಾಜು.
ಮೊದಲು ಹೋಲಿಕೆಗೆಂದು ಯಾವುದೋ ಮಗುವಿನ ಟಾನ್ಸಿಲ್:
ಸುತ್ತ ಕಂದು ಬೇಲಿ, ನಡುವಿನ ಅಂಗಳ ಖಾಲಿ.
ಅಲ್ಲಿಯವರಿಗೆ ಸಾಯಲು ಬರುತ್ತದೆ.
ಮೊಲದ ನೆನಪು ಕೆಟ್ಟಿರಲಿಲ್ಲ.

ಇಪ್ಪತ್ತೇಳನೆಯ ಗಾಜಿನಲ್ಲಿ
ಅಂಗಳಕ್ಕೆ ಅಂಗಳವೇ ಕಂದು,
ಹುರಿದ ಗೇರುಬೀಜದ ಸಿಪ್ಪೆಯ ಬಣ್ಣ.
ಒಂದು ಬಾಗಿಲೂ ಬಿಡದೆ ಬರೆದಿದ್ದರು.
ಯಾರೂ ಸಾಯಲೊಪ್ಪದ ಒಂದು ಕೇರಿ,
ಗಂಡಸು, ಐವತ್ತೊಂದು, ಮಾಜಾಳಿ,
ಕುತ್ತಿಗೆಯ ಎಡಬದಿ, ನಾಲ್ಕು ವರ್ಷ ಹಿಂದೆ.
ಹೆಸರು ನನಗೆ ಕೊಟ್ಟಿಲ್ಲ. ಇದ್ದಾನೋ ಇಲ್ಲವೋ
ಕೇಳುವ ಕಾಲಮ್ಮು ಪಟ್ಟಿಯಲ್ಲಿ ಇಲ್ಲ.
ಮೂರು ಪ್ಲಸ್ ಎಂದು ಬರೆದೆ.

ಸಂಜೆ ಡಬ್ಬಿಯ ನೀರು ಸಿಂಕಿಗೆ ಸುರಿದೆ,
ಕೋಣೆ ತುಂಬ ಬಂದರಿನ ವಾಸನೆ.
ಉಳಿದರ್ಧ ಹನಿಯ ಶೀಶೆಗೆ
ಬಂಗಡೆಯ ಒಂದು ಹುರುಪೆ ಅಂಟಿತ್ತು,
ದಿನಾಂಕದ ಮೇಲೆಯೇ, ಹೊಳೆಯುತ್ತ.
ತೆಗೆಯಬೇಕು, ನಿಯಮ ಹಾಗಿದೆ.
ಫ್ರಿಜ್ಜಿನ ಬಾಗಿಲು ಹಾಕಿದೆ.
ನಾಳೆ ತೆಗೆದರಾಯಿತು.